ಮಹದಾಯಿ ಜಲವಿವಾದ ತೀರ್ಪು

ಮಹದಾಯಿ ನದಿ ನೀರನ್ನು ಕರ್ನಾಟಕ, ಗೋವಾ, ಮಹಾರಾಷ್ಟ್ರಗಳಿಗೆ ಹಂಚಿ 2018ರ ಆಗಸ್ಟ್ 14ರಂದು ಹೊರಬಿದ್ದ ನ್ಯಾಯಮಂಡಳಿ ತೀರ್ಪು. 1956ರ ಅಂತರರಾಜ್ಯ ನದಿ ಜಲವಿವಾದ ಕಾಯ್ದೆಯಡಿ 2010ರಲ್ಲಿ ರಚಿತವಾದ, ನ್ಯಾಯಮೂರ್ತಿ ಜೆ. ಎಂ. ಪಾಂಚಾಲ್ ಅಧ್ಯಕ್ಷತೆಯ ಮಂಡಳಿ ಇದನ್ನು ನೀಡಿತು.

ಖಾನಾಪುರ ತಾಲ್ಲೂಕಿನ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ, ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾಸಾಗರ ಜಲಾಶಯಕ್ಕೆ ತುಂಬಿಸುವ ಯೋಜನೆ ವಿವಾದದ ತಿರುಳು. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು ಈ ಜಲಾಶಯದ್ದು. ಮಧ್ಯಂತರವಾಗಿ 7.56 ಟಿಎಂಸಿ ಅಡಿ ಕೋರಿದ್ದ ಕರ್ನಾಟಕದ ಅರ್ಜಿ 2016ರ ಜುಲೈ 27ರಂದು ತಿರಸ್ಕೃತವಾದಾಗ ನವಲಗುಂದ, ನರಗುಂದ ಭಾಗದಲ್ಲಿ ಉಗ್ರ ಪ್ರತಿಭಟನೆ ನಡೆಯಿತು. ಅಂತಿಮ ತೀರ್ಪು ರಾಜ್ಯಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ಅಂಕಿ ದೊಡ್ಡದಾಗಿ ಕಂಡರೂ ಅದರಲ್ಲಿ 8.02 ಜಲವಿದ್ಯುತ್ತಿಗೆ ಮೀಸಲು; ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಮಾತ್ರ.

ಸುಪ್ರೀಂ ಕೋರ್ಟಿನ ಅನುಮತಿ ಪಡೆದು ಕೇಂದ್ರ ಸರ್ಕಾರ 2020ರ ಫೆಬ್ರವರಿ 27ರಂದು ತೀರ್ಪನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿತು. ಮೂರೂ ರಾಜ್ಯಗಳು ಅದನ್ನು ಅದೇ ಕೋರ್ಟಿನಲ್ಲಿ ಪ್ರಶ್ನಿಸಿವೆ.