ದಕ್ಷಿಣದ ಮಗ: ಬೆಂಜಮಿನ್ ಅನ್ನೋ ಹೆಸರು ದುರ್ಗದ ಸೀಮೆಗೆ ಬಂದ ಕಥೆ

ಹೊಳಲ್ಕೆರೆ ಬಸ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವರಿಗೂ, ಹಿರಿಯೂರಿನ ಹೈವೇ ಪಕ್ಕ ಟೀ ಕುಡೀತಾ ನಿಂತವರಿಗೂ, ಹೊಸದುರ್ಗದ ತೋಟದಲ್ಲಿ ತ್ರೀ ಫೇಸ್ ಕರೆಂಟ್‌ಗೆ ಕಾಯ್ತಾ ಕೂತವರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ಒಂದೇ ಒಂದು ಹೆಸರಿನ ಮೇಲೆ. ಬೆಂಜಮಿನ್.

"ಇಂಗ್ಲಿಷ್ನೋರ ಹೆಸರು, ನಮಗ್ಯಾಕೆ?" ಅಂತ ನಿಮಗೆ ಅನ್ನಿಸಬಹುದು. ನಮ್ಮ ಕಡೆ ಈ ತರದ ಹೆಸರಿನ ಹುಡುಗ ಸಿಕ್ಕರೆ ಮೊದಲ ಪ್ರಶ್ನೆಯೇ "ಸ್ವಂತ ಊರು ಯಾವ್ದಪ್ಪಾ?" ಅಂತ. ಅವನು "ಇಲ್ಲೇ, ಹೊಳಲ್ಕೆರೆ" ಅಂದ್ರೆ, "ಅದಲ್ಲ, ಮೂಲ ಎಲ್ಲಿ?" ಅಂತ ಇನ್ನೊಂದು ಪ್ರಶ್ನೆ ರೆಡಿ ಇರುತ್ತೆ. ಸರಿ, ಇವತ್ತು ಆ ಮೂಲವನ್ನೇ ಹುಡುಕೋಣ. ಹುಡುಕ್ತಾ ಹೋದ್ರೆ ಅದು ಕೊನೆಗೆ ಮೊಳಕಾಲ್ಮೂರಿನ ಒಂದು ಬಂಡೆ ಹತ್ರ ತಂದು ನಿಲ್ಲಿಸುತ್ತೆ.

ಯುರೋಪಿನ ಹಳೇ ಹೆಸರುಗಳ ಪಟ್ಟಿಯಲ್ಲಿ ಬೆಂಜಮಿನ್ ಇದ್ದೇ ಇರುತ್ತೆ. ಆದ್ರೆ ಅದು ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ, ಹೀಬ್ರೂ ಭಾಷೆಯಲ್ಲಿ. ಬೈಬಲ್ಲಿನ ಮೊದಲ ಪುಸ್ತಕದಲ್ಲಿ ಯಾಕೋಬನಿಗೆ ಹನ್ನೆರಡು ಗಂಡುಮಕ್ಕಳು. ಕಡೇ ಮಗನ ಹೆರಿಗೆಯಲ್ಲಿ ತಾಯಿ ರಾಹೇಲ ತೀರಿಕೊಳ್ತಾಳೆ. ಜೀವ ಹೋಗುವಾಗ ಅವಳು ಮಗುವಿಗೆ ಇಟ್ಟ ಹೆಸರು ಬೆನೋನಿ. "ನನ್ನ ದುಃಖದ ಮಗ" ಅಂತ ಅರ್ಥ. ತಂದೆ ಆ ಹೆಸರನ್ನು ಬದಲಾಯಿಸಿ ಬೆನ್ಯಾಮೀನ ಅಂತ ಕರೀತಾನೆ. ಜೀವನಪೂರ್ತಿ ಆ ದುಃಖವನ್ನು ಹೊತ್ತುಕೊಂಡು ಮಗ ಓಡಾಡೋದು ಬೇಡ ಅಂತ ಅವನಿಗೆ ಅನ್ನಿಸಿರಬೇಕು.

'ಬೆನ್' ಅಂದ್ರೆ ಮಗ. 'ಯಾಮೀನ್' ಅಂದ್ರೆ ಬಲಗೈ. ನಾವು "ಬಲಗೈ ಬಂಟ" ಅಂತೀವಲ್ಲ, ಹಾಗೆ ಬಲಗೈ ಮಗ. ಆದ್ರೆ ಯಾಮೀನ್‌ಗೆ ಇನ್ನೊಂದು ಅರ್ಥ ಇದೆ: ದಕ್ಷಿಣ ದಿಕ್ಕು. ಸೂರ್ಯ ಹುಟ್ಟೋ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ನಿಮ್ಮ ಬಲಗೈ ಯಾವ ದಿಕ್ಕಿಗಿದೆ? ದಕ್ಷಿಣಕ್ಕೆ. ಸಂಸ್ಕೃತದ 'ದಕ್ಷಿಣ' ಪದದ ಲೆಕ್ಕವೂ ಪಕ್ಕಾ ಇದೇ. ಅದಕ್ಕೆ ಬಲ ಅಂತಲೂ ಅರ್ಥ, ತೆಂಕಣ ದಿಕ್ಕು ಅಂತಲೂ ಅರ್ಥ. ದೇವಸ್ಥಾನದಲ್ಲಿ ದೇವರನ್ನು ಬಲಕ್ಕೆ ಇಟ್ಕೊಂಡು ಸುತ್ತೋದು ಪ್ರದಕ್ಷಿಣೆ. ನಾವು ಬದುಕ್ತಿರೋ ಈ ದಖ್ಖನ್ ಹೆಸರೂ ಅದೇ ಪದದಿಂದ ಬಂದಿದ್ದು. ಎರಡು ಬೇರೆ ಬೇರೆ ಭಾಷಾ ಕುಟುಂಬದ ಜನ ಒಂದೇ ಸೂರ್ಯನ ಕಡೆ ತಿರುಗಿ ನಿಂತು, ಒಂದೇ ತರ ಯೋಚನೆ ಮಾಡಿದ್ದಾರೆ. ಹಾಗಾಗಿ ಬೆನ್ಯಾಮೀನ ಅಂದ್ರೆ "ದಕ್ಷಿಣದ ಮಗ" ಅಂತಲೂ ಹೇಳ್ತಾರೆ.

ಈ ಹೆಸರು ಅಲ್ಲಿಂದ ಎಲ್ಲೆಲ್ಲಿಗೆ ಹೋಯ್ತು? ಯೆಹೂದ್ಯರು ಹೋದಲ್ಲೆಲ್ಲಾ ಜೊತೆಗೇ ಹೋಯ್ತು. ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಕ್ರೈಸ್ತರು ಬೈಬಲನ್ನು ತಮ್ಮ ಭಾಷೆಯಲ್ಲೇ ಮನೆಯಲ್ಲಿ ಓದೋಕೆ ಶುರು ಮಾಡಿದ ಮೇಲೆ, 1600ರ ನಂತರ ಹಳೇ ಒಡಂಬಡಿಕೆಯ ಹೆಸರುಗಳು ಅಲ್ಲಿನ ಸಾಮಾನ್ಯ ಮನೆಗಳಿಗೂ ಬಂದವು. ಆ ಗಾಳಿ ಅಮೆರಿಕಕ್ಕೂ ಬೀಸಿತು. 1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನ್ ಹೆಸರನ್ನು ಸ್ಕೂಲಲ್ಲಿ ಓದಿರ್ತೀರ. ಆತನೂ ಮನೆಯ ಕಡೇ ಗಂಡುಮಗ. ಮುಸ್ಲಿಂ ಪರಂಪರೆಯಲ್ಲಿ ಯೂಸುಫರ ತಮ್ಮ ಬಿನ್ಯಾಮಿನ್. ಪಕ್ಕದ ಕೇರಳದಲ್ಲಿ, 'ಆಡುಜೀವಿತಂ' ಬರೆದ ಕಾದಂಬರಿಕಾರರ ಕಾವ್ಯನಾಮ ಬೆನ್ಯಾಮಿನ್. ಕನ್ನಡ ಬೈಬಲ್ಲಿನಲ್ಲಿ ಬೆನ್ಯಾಮೀನ. ಹೆಸರು ಒಂದೇ, ಬಾಯಿ ಬೇರೆ ಬೇರೆ.

ಈಗ ನಮ್ಮ ಕಡೆಗೆ ಬರೋಣ. 1837ರಲ್ಲಿ ರೆವರೆಂಡ್ ಬೆಂಜಮಿನ್ ರೈಸ್ ಅನ್ನೋರು ಲಂಡನ್ ಮಿಷನ್ ಪರವಾಗಿ ಬೆಂಗಳೂರಿಗೆ ಬಂದ್ರು. ಸಾಯೋವರೆಗೂ, ಸುಮಾರು 50 ವರ್ಷ, ಕೆಲಸ ಮಾಡಿದ್ದು ಅಲ್ಲೇ. ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆಯಲ್ಲ, ಅದು ಅವರ ನೆನಪಿಗೆ. ಅವರು ಬಂದ ವರ್ಷವೇ ಬೆಂಗಳೂರಿನಲ್ಲಿ ಗಂಡುಮಗು ಹುಟ್ಟಿತು. ಇಟ್ಟ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಈ ದಕ್ಷಿಣದ ಮಗ ನಿಜವಾಗ್ಲೂ ದಕ್ಷಿಣದಲ್ಲೇ ಹುಟ್ಟಿದ್ದ.

ನಾವು ಅವರನ್ನು ಕರೆಯೋದು ಬಿ.ಎಲ್. ರೈಸ್ ಅಂತ. ಇಲ್ಲೊಂದು ಮಜಾ ಇದೆ. ನಮ್ಮ ದುರ್ಗದ ಕಾದಂಬರಿಕಾರ ತ.ರಾ.ಸು. ಹೆಸರು ಬಿಡಿಸಿ ನೋಡಿ: ತಳುಕು ಊರು, ರಾಮಸ್ವಾಮಯ್ಯ ಅಪ್ಪ, ಸುಬ್ಬರಾವ್ ತಾನು. ಅದೇ ತರ ಬಿ.ಎಲ್. ರೈಸ್ ಬಿಡಿಸಿದ್ರೆ ಬೆಂಜಮಿನ್ ಅಪ್ಪನ ಹೆಸರು, ಲೂಯಿಸ್ ತನ್ನ ಹೆಸರು, ರೈಸ್ ಮನೆತನದ ಹೆಸರು. ಅವರು ಕೆಲವು ಪುಸ್ತಕಗಳ ಮೇಲೆ ಹಾಕ್ಕೊಂಡಿದ್ದೂ "ಲೂಯಿಸ್ ರೈಸ್" ಅಂತಲೇ. ಇನಿಷಿಯಲ್‌ನಲ್ಲಿ ಅಪ್ಪ ಕೂತಿರೋದು ನಮ್ಮ ಪದ್ಧತಿ ತಾನೇ? ಅಂದಹಾಗೆ ಲೂಯಿಸ್ ಮಾತ್ರ ಪಕ್ಕಾ ಯುರೋಪಿನದು. 'ಯುದ್ಧದಲ್ಲಿ ಹೆಸರು ಮಾಡಿದವನು' ಅನ್ನೋ ಅರ್ಥದ ಹಳೇ ಜರ್ಮನಿಕ್ ಹೆಸರು. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಅದು ಮನೆತನದ ಹೆಸರಾಗಿ ಉಳಿದಿದೆ.

ಈ ಲೂಯಿಸ್ ಹೆಸರು ಮಾಡಿದ್ದು ಯುದ್ಧದಲ್ಲಲ್ಲ, ಕಲ್ಲು ಓದೋದ್ರಲ್ಲಿ. ಬೆಂಗಳೂರಿನಲ್ಲಿ ಮೇಷ್ಟ್ರಾಗಿ ಶುರು ಮಾಡಿ, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿ, ಆಮೇಲೆ ಪುರಾತತ್ವ ಇಲಾಖೆಯ ಮುಖ್ಯಸ್ಥರಾದ್ರು. ಊರೂರು ಸುತ್ತಿ, ಸಿಬ್ಬಂದಿ ಜೊತೆ ಸೇರಿ, ಸುಮಾರು 9 ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ತಂದ್ರು. ಅದರಲ್ಲಿ 11ನೇದು ನಮ್ಮ ಜಿಲ್ಲೆಯದು. ಇಂಗ್ಲಿಷಿನಲ್ಲಿ ಅವರು ಬರೆದಿದ್ದು "ಚಿತಲ್‌ದ್ರೂಗ್" ಅಂತ. ನಾವು ಅವರ ಹೆಸರನ್ನು ತಿರುಚಿದ ಹಾಗೆ ಅವರೂ ನಮ್ಮೂರ ಹೆಸರನ್ನು ತಿರುಚಿದ್ರು, ಲೆಕ್ಕ ಚುಕ್ತಾ.

ನಾನು ಬಿಕಾಂ ಓದಿದವನು. ಆ ಸಂಪುಟ ತೆರೆದಾಗ ನನಗೆ ಕಾಣಿಸಿದ್ದು ಒಂದು ಲೆಡ್ಜರ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ತಾಲ್ಲೂಕುವಾರು ಖಾತೆ. ಪ್ರತಿ ಕಲ್ಲಿಗೂ ಒಂದು ನಂಬರ್. ಯಾರು ಭೂಮಿ ದಾನ ಕೊಟ್ಟರು, ಯಾರು ಕೆರೆ ಕಟ್ಟಿಸಿದ್ರು, ದನ ಬಿಡಿಸೋಕೆ ಹೋಗಿ ಯಾರು ಸತ್ತರು, ಎಲ್ಲಾ ಎಂಟ್ರಿ. ಇತಿಹಾಸ ಬರೆಯೋರು ಇವತ್ತಿಗೂ ತಾಲ್ಲೂಕು ಹೆಸರು, ಅದರ ಮುಂದೆ ರೈಸ್ ಕೊಟ್ಟ ನಂಬರ್ ಹಾಕ್ತಾರೆ.

1892ರಲ್ಲಿ ರೈಸ್ ಕಣ್ಣಿಗೆ ಬಿದ್ದಿದ್ದು ಆ ಲೆಡ್ಜರಿನ ಅತಿ ದೊಡ್ಡ ಎಂಟ್ರಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಬಂಡೆ ಮೇಲೆ ಪ್ರಾಕೃತ ಭಾಷೆಯ ಬ್ರಾಹ್ಮಿ ಬರಹ. ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳು. ಮೌರ್ಯರ ಆಡಳಿತ ನಮ್ಮ ನೆಲದವರೆಗೂ ಬಂದಿತ್ತು ಅನ್ನೋದಕ್ಕೆ ಕಲ್ಲಿನ ಸಾಕ್ಷಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ ಪತ್ರ ಅದು. ಮೊದಲು ಆರೋಗ್ಯ ವಿಚಾರಿಸ್ತಾರೆ, ಆಮೇಲೆ ರಾಜನ ಮಾತು: ಅಪ್ಪ ಅಮ್ಮನ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ.

ಆದ್ರೆ ಈ ಬ್ರಹ್ಮಗಿರಿ ಶಾಸನದಲ್ಲಿ ಅಶೋಕ ಅನ್ನೋ ಹೆಸರೇ ಇಲ್ಲ. 'ದೇವಾನಾಂಪಿಯ', ಅಂದ್ರೆ ದೇವರಿಗೆ ಪ್ರಿಯನಾದವನು, ಅನ್ನೋ ಬಿರುದು ಮಾತ್ರ. ಅಶೋಕ ಅನ್ನೋ ಹೆಸರೇ ಇರೋ ಶಾಸನ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಬ್ರಹ್ಮಗಿರಿ ಬಂಡೆಯ ಕೊನೆಯಲ್ಲಿ ಇರೋದು ಬೇರೆ ಒಬ್ಬನ ಹೆಸರು. ಚಪಡ. ಇದನ್ನು ಬರೆದ ಲಿಪಿಕಾರ. ವೋಚರ್ ಕೆಳಗೆ 'ತಯಾರಿಸಿದವರು' ಅಂತ ಸಹಿ ಇರುತ್ತಲ್ಲ, ಹಾಗೆ. ಚಕ್ರವರ್ತಿಯ ಹೆಸರಿಲ್ಲ, ಗುಮಾಸ್ತನ ಹೆಸರಿದೆ!

ಇನ್ನೂ ಒಂದಿದೆ. ಇಡೀ ಶಾಸನ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದೆ. ಆದ್ರೆ 'ಲಿಪಿಕಾರ' ಅನ್ನೋ ಪದವನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಲಿಪಿ. ಅದರ ಮೂಲ ಪಶ್ಚಿಮ ಏಷ್ಯಾದ ಅರಾಮಿಕ್ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ಇವತ್ತಿನ ಹೀಬ್ರೂ ಅಕ್ಷರಗಳೂ ಆ ಅರಾಮಿಕ್‌ನಿಂದಲೇ ಬಂದವು. ಅಂದ್ರೆ ಬೆನ್ಯಾಮೀನ ಅನ್ನೋ ಹೆಸರನ್ನು ಬರೆಯೋ ಲಿಪಿಯ ಒಬ್ಬ ದಾಯಾದಿ, ಆ ಹೆಸರಿನ ಮನುಷ್ಯ ಬರೋಕೆ ಎರಡು ಸಾವಿರ ವರ್ಷ ಮೊದಲೇ ಮೊಳಕಾಲ್ಮೂರಿಗೆ ಬಂದು ಬಂಡೆ ಮೇಲೆ ಕೂತಿದ್ದ.

"ಮೂಲ ಎಲ್ಲಿ?" ಅಂತ ಕೇಳೋರಿಗೆ ನಾನು ಈ ಬಂಡೆ ತೋರಿಸ್ತೀನಿ. ಅದರ ಭಾಷೆ ಉತ್ತರದ್ದು. ಸಹಿಯ ಲಿಪಿ ವಾಯವ್ಯದ್ದು. ಅದನ್ನು ನಮ್ಮ ಕಾಲಕ್ಕೆ ಬೆಳಕಿಗೆ ತಂದವನ ಹೆಸರು ಹೀಬ್ರೂ ಮೂಲದ್ದು, ಅವನು ಹುಟ್ಟಿದ್ದು ಬೆಂಗಳೂರಿನಲ್ಲಿ. ಇಷ್ಟೆಲ್ಲಾ ಸೇರಿ ಆಗಿರೋದು ಚಿತ್ರದುರ್ಗ ಜಿಲ್ಲೆಯ ಇತಿಹಾಸ. ಇದರಲ್ಲಿ ಯಾವುದನ್ನು ಹೊರಗಿನದು ಅಂತ ತೆಗೆದುಹಾಕ್ತೀರ? ಹೊಳಲ್ಕೆರೆ ನನ್ನ ಊರು ಅನ್ನೋ ಬೆಂಜಮಿನ್‌ಗೆ ಎರಡನೇ ಪ್ರಶ್ನೆ ಕೇಳೋ ಅಗತ್ಯ ನನಗಂತೂ ಕಾಣಲ್ಲ.

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ್ರು, 1927ರಲ್ಲಿ ಅಲ್ಲೇ ತೀರಿಕೊಂಡ್ರು. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಅಂತ ಕರೆದ್ರು. ಬಂಡೆ ಪಕ್ಕದ ಸಿದ್ದಾಪುರ ಈಗ ಜನರ ಬಾಯಲ್ಲಿ ಅಶೋಕ ಸಿದ್ದಾಪುರ. ಕಲ್ಲಿನ ಮೇಲೆ ಇಲ್ಲದ ಹೆಸರು ಊರಿನ ಮೇಲೆ ಬಂತು.

ಒಂದು ರಿಕ್ವೆಸ್ಟ್. ನಿಮ್ಮೂರ ಕೆರೆ ಏರಿ ಮೇಲೋ, ಗುಡಿ ಹಿಂದೋ ಅಕ್ಷರ ಇರೋ ಕಲ್ಲು ಇದ್ರೆ, ಅದಕ್ಕೆ ಸುಣ್ಣ ಬಳಿಯೋಕೆ, ಬಣ್ಣ ಹಚ್ಚೋಕೆ ಬಿಡಬೇಡಿ. ಒಂದು ಫೋಟೋ ತೆಗೀರಿ, 11ನೇ ಸಂಪುಟದಲ್ಲಿ ನಿಮ್ಮ ತಾಲ್ಲೂಕಿನ ಪಟ್ಟಿ ತೆಗೆದು ನೋಡಿ. ನಿಮ್ಮೂರಿನ ಯಾರ ಹೆಸರು ಸಿಕ್ತು ಅಂತ ನನಗೂ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.