ಮೈಸೂರು ವಾಸುದೇವಾಚಾರ್ಯ (1865–1961)

ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೇಳದ ಕರ್ನಾಟಕ ಸಂಗೀತಪ್ರಿಯರು ಸಿಗುವುದು ಅಪರೂಪ. ಅದನ್ನು ರಚಿಸಿದವರು ಅಪ್ಪಟ ಮೈಸೂರಿನವರೆಂಬುದು ಮಾತ್ರ ಎಷ್ಟೋ ಜನಕ್ಕೆ ಹೊಸ ಸುದ್ದಿ!

ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ತರುಣ ವಾಸುದೇವನನ್ನು ಸಂಗೀತ ಕಲಿಯಲು ತಿರುವಯ್ಯಾರಿಗೆ, ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿಗೆ ಕಳುಹಿಸಿದರು. ಗುರುಕುಲವಾಸ ಮುಗಿಸಿ ಬಂದವರು ಆಸ್ಥಾನ ವಿದ್ವಾಂಸರಾದರು. ‘ವಾಸುದೇವ’ ಅಂಕಿತದಲ್ಲಿ, ಹೆಚ್ಚಾಗಿ ತೆಲುಗು–ಸಂಸ್ಕೃತಗಳಲ್ಲಿ, ಕೃತಿಗಳನ್ನು ರಚಿಸಿದರು.

ಗದ್ಯಕ್ಕೆ ಮಾತ್ರ ಕನ್ನಡವೇ ಒದಗಿತು. ತಾವು ಕಂಡು ಕೇಳಿದ ವಿದ್ವಾಂಸರ ಹಾಡಿಕೆಯನ್ನೂ ಸ್ವಭಾವವನ್ನೂ ‘ನಾ ಕಂಡ ಕಲಾವಿದರು’ ಪುಸ್ತಕದಲ್ಲಿ ಚಿತ್ರಿಸಿದರು. ಧ್ವನಿಮುದ್ರಣ ವಿರಳವಾಗಿದ್ದ ಕಾಲದ ಸಂಗೀತಲೋಕಕ್ಕೆ ಅದೊಂದು ಕಿಟಕಿ.

ಇಳಿವಯಸ್ಸಿನಲ್ಲಿ ರುಕ್ಮಿಣಿದೇವಿ ಅರುಂಡೇಲರ ಕರೆಗೆ ಓಗೊಟ್ಟು ಮದ್ರಾಸಿನಲ್ಲಿ ಅವರು ಸ್ಥಾಪಿಸಿದ್ದ ಕಲಾಶಾಲೆ ಕಲಾಕ್ಷೇತ್ರದಲ್ಲಿ ಪಾಠ ಹೇಳಿದರು. ಅಲ್ಲಿನ ರಾಮಾಯಣ ನೃತ್ಯನಾಟಕಗಳಿಗೆ ರಾಗ ಹಾಕಿದರು. ಆ ಕೆಲಸದಲ್ಲಿ ಅವರು ಮುಗಿಸದೆ ಉಳಿದ ಭಾಗವನ್ನು ಪೂರ್ತಿಗೊಳಿಸಿದವರು ಮೊಮ್ಮಗ ಎಸ್. ರಾಜಾರಾಂ.