ಚಂದಾ ನಿಂತರೆ ಹಾಡು ಎಲ್ಲಿಗೆ ಹೋಗುತ್ತದೆ?

ಸ್ವಂತ ಖರ್ಚಿನಲ್ಲಿ ಹಾಡನ್ನು ಧ್ವನಿಮುದ್ರಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ಅಂತರಜಾಲದ ಮೂಲಕ ಕೇಳುಗರಿಗೆ ತಲಪಿಸುವ ಸಂಗೀತಗಾರರು ಇಂದು ಬಹಳ ಮಂದಿ. ಇವರಲ್ಲಿ ಅನೇಕರು ಒಂದು ವಿತರಣಾ ಸಂಸ್ಥೆಗೆ ವಾರ್ಷಿಕ ಚಂದಾ ಕಟ್ಟಿರುತ್ತಾರೆ. ಚಂದಾ ನಿಂತರೆ ಇಂಥ ಸಂಸ್ಥೆ ಸಾಮಾನ್ಯವಾಗಿ ಅವರ ಹಾಡುಗಳನ್ನು ಎಲ್ಲ ತಾಣಗಳಿಂದ ತೆಗೆಸುತ್ತದೆ. ಪ್ರಕಾಶಕರು ಬಾಗಿಲು ಮುಚ್ಚಿದರೂ ಪುಸ್ತಕ ಓದುಗರ ಕಪಾಟಿನಲ್ಲಿ ಉಳಿಯುತ್ತದೆ. ಹಾಡು ಮಾತ್ರ ಹೀಗೆ ಮಾಯವಾಗುವುದೇಕೆ? ಇದನ್ನು ತಿಳಿಯಲು ಧ್ವನಿಮುದ್ರಣದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ತಟ್ಟೆಯ ಕಾಲ

1902ರ ನವೆಂಬರ್‌ನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಆ ಮುದ್ರಣಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಿತ್ತು. ಹಾಡಿದವರು ಯಾರೆಂದು ಅಲ್ಲಿನವರಿಗೆ ಗೊತ್ತಾಗಲೆಂದು ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಇದರ ಜೊತೆಗೆ ಪ್ರತಿ ಮುದ್ರಣಕ್ಕೂ ಒಂದು ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತಿತ್ತು.

ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆಗಳು ಇಂದಿಗೂ ಸಂಗ್ರಾಹಕರ ಬಳಿ ಇವೆ. ಒಮ್ಮೆ ಮಾರಿದ ತಟ್ಟೆ ಕೊಂಡವರದು. ಅದನ್ನು ಹಿಂದಕ್ಕೆ ಪಡೆಯುವ ದಾರಿ ಕಂಪನಿಗೂ ಇರಲಿಲ್ಲ. ಮುಂದೆ ಬಂದ ಕ್ಯಾಸೆಟ್ಟು, ಸಿಡಿಗಳ ವಿಷಯವೂ ಹೀಗೆಯೇ.

ಮಾರಾಟದಿಂದ ಬಾಡಿಗೆಗೆ

1998ರಲ್ಲಿ ಅಮೆರಿಕದ ಸಂಗೀತಗಾರ ಡೆರೆಕ್ ಸಿವರ್ಸ್ ತಮ್ಮ ಸಿಡಿಯನ್ನು ಮಾರಲು ಒಂದು ಜಾಲತಾಣ ಮಾಡಿಕೊಂಡರು. ಗೆಳೆಯರೂ ತಮ್ಮ ಸಿಡಿಗಳನ್ನು ತಂದುಕೊಟ್ಟರು. ಅದೇ ಸಿಡಿ ಬೇಬಿ ಎಂಬ ಸಂಸ್ಥೆಯಾಗಿ ಬೆಳೆಯಿತು. 2003ರ ಏಪ್ರಿಲ್ 28ರಂದು ಆಪಲ್ ಕಂಪನಿ ಸುಮಾರು 2 ಲಕ್ಷ ಹಾಡುಗಳೊಂದಿಗೆ ಐಟ್ಯೂನ್ಸ್ ಮಳಿಗೆಯನ್ನು ತೆರೆಯಿತು. ಒಂದು ಹಾಡಿಗೆ 99 ಸೆಂಟ್ ಬೆಲೆ. ಸಾವಿರಾರು ಬಿಡಿ ಸಂಗೀತಗಾರರೊಡನೆ ಒಬ್ಬೊಬ್ಬರಾಗಿ ಲೆಕ್ಕವಿಡುವುದು ಇಂಥ ಮಳಿಗೆಗೆ ಕಷ್ಟ. ಎಲ್ಲರ ಹಾಡುಗಳನ್ನು ಒಟ್ಟುಗೂಡಿಸಿ ಕೊಡುವ ಮಧ್ಯವರ್ತಿ ಬೇಕಾಯಿತು.

ಸಿಡಿ ಬೇಬಿ ಒಮ್ಮೆ ಮಾತ್ರ ಶುಲ್ಕ ಪಡೆದು, ಡಿಜಿಟಲ್ ಗಳಿಕೆಯಲ್ಲಿ ಶೇ. 9ರಷ್ಟನ್ನು ಇಟ್ಟುಕೊಳ್ಳುವ ಪದ್ಧತಿಯನ್ನು ಅನುಸರಿಸಿತು. 2006ರಲ್ಲಿ ಆರಂಭವಾದ ಟ್ಯೂನ್‌ಕೋರ್ ಗಳಿಕೆಯನ್ನೆಲ್ಲ ಸಂಗೀತಗಾರರಿಗೇ ಬಿಟ್ಟುಕೊಟ್ಟು, ಪ್ರತಿ ಆಲ್ಬಮ್ಮಿಗೂ ವರ್ಷವರ್ಷವೂ ಶುಲ್ಕ ಕೇಳಿತು. 2013ರಲ್ಲಿ ಬಂದ ಡಿಸ್ಟ್ರೋಕಿಡ್ ಒಂದೇ ವಾರ್ಷಿಕ ಚಂದಾಕ್ಕೆ ಎಷ್ಟು ಹಾಡುಗಳನ್ನಾದರೂ ಸೇರಿಸಲು ಅವಕಾಶ ಕೊಟ್ಟಿತು.

ಈ ನಡುವೆ, 2008ರಲ್ಲಿ ಯೂರೋಪಿನಲ್ಲಿ ಸ್ಪಾಟಿಫೈ ಸೇವೆ ಆರಂಭವಾಗಿತ್ತು. ಇಲ್ಲಿ ಕೇಳುಗ ಹಾಡನ್ನು ಕೊಳ್ಳುವುದಿಲ್ಲ, ಬೇಕೆನಿಸಿದಾಗ ಕೇಳುತ್ತಾನೆ ಅಷ್ಟೆ. ಅವನ ಬಳಿ ಪ್ರತಿ ಉಳಿಯುವುದಿಲ್ಲ. ಸಂಗೀತಗಾರನೂ ಮಧ್ಯವರ್ತಿಯ ಮೂಲಕ ಸಿಗುವ ಜಾಗಕ್ಕೆ ಬಾಡಿಗೆ ಕಟ್ಟುತ್ತಾನೆ. ಎರಡೂ ಕಡೆ ಬಾಡಿಗೆಯೇ ಆದ್ದರಿಂದ ಚಂದಾ ನಿಂತೊಡನೆ ಹಾಡು ಕಾಣೆಯಾಗುತ್ತದೆ. ಮಧ್ಯವರ್ತಿಯಿಲ್ಲದೆ ನೇರವಾಗಿ ಹಾಡು ಸೇರಿಸುವ ಸೌಲಭ್ಯವನ್ನು ಸ್ಪಾಟಿಫೈ 2018ರಲ್ಲಿ ಪ್ರಯೋಗಿಸಿತಾದರೂ 2019ರಲ್ಲಿ ಅದನ್ನು ನಿಲ್ಲಿಸಿತು.

ಹಾಡಿನ ಗುರುತಿನ ಸಂಖ್ಯೆ

ಹಾಗಾದರೆ ವಿತರಕರನ್ನು ಬದಲಾಯಿಸಲು ಬಯಸುವವರ ಗತಿಯೇನು? ಇಲ್ಲಿ ನೆರವಿಗೆ ಬರುವುದು 1986ರಲ್ಲಿ ಐಎಸ್ಒ 3901 ಎಂಬ ಹೆಸರಿನಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಮಾನಕ. ಇದರ ಪ್ರಕಾರ ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಸಂಕೇತವಿರುತ್ತದೆ. ಮೂಲ ವಿನ್ಯಾಸದಲ್ಲಿ ಮೊದಲ 2 ಅಕ್ಷರ ದೇಶವನ್ನು, ನಂತರದ 3 ನೋಂದಾಯಿತ ಸಂಸ್ಥೆಯನ್ನು, 2 ಅಂಕಿ ವರ್ಷವನ್ನು ಸೂಚಿಸಿದರೆ ಕೊನೆಯ 5 ಅಂಕಿ ಕ್ರಮಸಂಖ್ಯೆ. ಹಳೆಯ ಮ್ಯಾಟ್ರಿಕ್ಸ್ ಸಂಖ್ಯೆ ಒಂದು ಕಂಪನಿಯೊಳಗಿನ ಗುರುತಾಗಿದ್ದರೆ ಇದು ಜಗತ್ತಿಗೆಲ್ಲ ಒಂದೇ.

ಈ ಮಾನಕದ ಮುಖ್ಯ ನಿಯಮವನ್ನು ಗಮನಿಸಿ. ಸಂಕೇತ ಸೇರಿದ್ದು ಧ್ವನಿಮುದ್ರಣಕ್ಕೆ, ವಿತರಕರಿಗಲ್ಲ. ಒಡೆತನ ಬದಲಾದರೂ ವಿತರಕರು ಬದಲಾದರೂ ಸಂಕೇತ ಬದಲಾಗಬಾರದು. ಅದೇ ಹಾಡನ್ನು ಮತ್ತೆ ಹಾಡಿ ಮುದ್ರಿಸಿದರೆ, ಅಥವಾ ಬೇರೆ ರೀತಿ ಮಿಶ್ರಣ ಮಾಡಿದರೆ, ಹೊಸ ಸಂಕೇತ ಬೇಕು.

ಬದಲಾಯಿಸುವ ಕ್ರಮ

ಹೊಸ ವಿತರಕರಲ್ಲಿ ಅದೇ ಧ್ವನಿ ಕಡತ, ಅದೇ ಶೀರ್ಷಿಕೆ, ಅದೇ ಐಎಸ್‌ಆರ್‌ಸಿ ಕೊಟ್ಟರೆ ತಾಣಗಳು ಹಳೆಯ ಹಾಡನ್ನೂ ಹೊಸದನ್ನೂ ಒಂದೆಂದು ಗುರುತಿಸಬಲ್ಲವು. ಆಗ ಅಷ್ಟುದಿನ ಕೇಳಿದವರ ಲೆಕ್ಕ ಮುಂದುವರಿಯುತ್ತದೆ. ಹೊಸ ಸಂಕೇತ ಪಡೆದರೆ ಲೆಕ್ಕ ಸೊನ್ನೆಯಿಂದ ಆರಂಭವಾಗುತ್ತದೆ. ಇದು ಹೆಮ್ಮೆಯ ಪ್ರಶ್ನೆ ಮಾತ್ರವಲ್ಲ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಲ್ಪಡದ ಹಾಡಿಗೆ ರಾಯಲ್ಟಿ ಇಲ್ಲ. ಅಲ್ಪ ಕೇಳುಗರಿರುವ ಸಂಗೀತಗಾರರಿಗೆ ಸೊನ್ನೆಗೆ ಮರಳುವುದೆಂದರೆ ಗಳಿಕೆಯೇ ನಿಂತಂತೆ.

ಆದ್ದರಿಂದ ಚಂದಾ ರದ್ದುಮಾಡುವುದು ಕೊನೆಯ ಹೆಜ್ಜೆಯಾಗಬೇಕು. ಮೊದಲು ಎಲ್ಲ ಹಾಡುಗಳ ಐಎಸ್‌ಆರ್‌ಸಿ ಮತ್ತು ಆಲ್ಬಮ್ಮುಗಳ ಬಾರ್‌ಕೋಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಹೊಸ ವಿತರಕರ ಮೂಲಕ ಹಾಡು ತಾಣಗಳಲ್ಲಿ ಕಾಣಿಸಿಕೊಂಡ ಮೇಲೆ ಹಳೆಯದನ್ನು ತೆಗೆಸಬೇಕು. ತಾಣಗಳ ಲೆಕ್ಕ ಕೆಲವು ತಿಂಗಳು ತಡವಾಗಿ ಬರುವುದರಿಂದ ಹಳೆಯ ಬಾಕಿಯನ್ನು ಹೇಗೆ ಪಡೆಯಬಹುದೆಂದು ಖಾತೆ ಮುಚ್ಚುವ ಮುನ್ನವೇ ಕೇಳಿಕೊಳ್ಳಬೇಕು. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿ ಇಬ್ಬರು ವಿತರಕರು ಒಂದೇ ಹಾಡಿನ ಹಕ್ಕು ಹೇಳಿದರೆ ತಕರಾರು ಏಳುತ್ತದೆ. ಅಲ್ಲಿ ಮಾತ್ರ ಹಳೆಯ ವಿತರಕರ ಹಕ್ಕನ್ನು ಮೊದಲು ಬಿಡಿಸಿಕೊಳ್ಳಬೇಕು.

ಭಾರತದಲ್ಲಿ ಐಎಸ್‌ಆರ್‌ಸಿ ನೀಡಿಕೆಯ ಹೊಣೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಸಂಸ್ಥೆಯದು. ಬಹುಮಂದಿ ಸಂಗೀತಗಾರರಿಗೆ ವಿತರಕರೇ ಸಂಕೇತ ಕೊಟ್ಟಿರುತ್ತಾರೆ. ಯಾರೇ ಕೊಟ್ಟಿರಲಿ, ಮೂಲ ಧ್ವನಿ ಕಡತದೊಂದಿಗೆ ಆ 12 ಅಕ್ಷರ-ಅಂಕಿಗಳನ್ನೂ ಜೋಪಾನವಾಗಿ ಇಟ್ಟುಕೊಂಡವರು ಎಷ್ಟು ಬಾರಿ ವಿತರಕರನ್ನು ಬದಲಾಯಿಸಿದರೂ ತಮ್ಮ ಹಾಡಿನ ಗುರುತನ್ನು ಕಳೆದುಕೊಳ್ಳುವುದಿಲ್ಲ.